ನಿಂಬೆಹಣ್ಣಿನ ಚೀಲ, ಒಣಹಣ್ಣಿನ ಡಬ್ಬಿ

ನನ್ನ ಹೊಟ್ಟೆಕಿಚ್ಚಿಗೆ ಕಾರಣ ಒಂದು ಸ್ಟೀಲ್ ಡಬ್ಬಿ. ಗದಗ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ಬೆಟಗೇರಿಯ ನಮ್ಮ ಮನೆಯಲ್ಲಿ ನಾನೂ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿಯೂ, ಒಟ್ಟಿಗೇ ಬಸುರಾಗಿದ್ದೆವು. ಅತ್ತೆ ಇಬ್ಬರ ಸೀಮಂತದ ಕುಬಸವನ್ನೂ ಒಂದೇ ದಿನ ಇಟ್ಟುಕೊಂಡರು. ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು ಅಕ್ಕಪಕ್ಕ ಕೂತೆವು.

ಅವಳ ತವರು ಗದಗ ಬಜಾರಿನ ವ್ಯಾಪಾರದ ಮನೆ. ಅಂಗಡಿಯ ಆಳು ಡಬ್ಬಿ ತಂದಿಳಿಸಿದ. ಮುಚ್ಚಳ ತೆಗೆದರೆ ಬದಾಮಿ, ಅಂಜೂರ, ಉತ್ತತ್ತಿ, ದಪ್ಪ ದಪ್ಪ ಒಣದ್ರಾಕ್ಷಿ! ಬಂದ ಹೆಂಗಸರೆಲ್ಲ ಅದರ ಸುತ್ತ. ಅಷ್ಟರಲ್ಲಿ ಅಡರಕಟ್ಟಿಯಿಂದ ನನ್ನಪ್ಪ ಬಂದ, ಹೆಗಲ ಮೇಲೆ ಚೀಲ. ಅದರ ತುಂಬ ನಮ್ಮ ತೋಟದ ನಿಂಬೆಹಣ್ಣು.

"ಏನ್ರಿ ಬೀಗರ, ಉಪ್ಪಿನಕಾಯಿ ಹಾಕಾಕ ತಂದೀರೇನು?" ಅಂದಳು ಒಬ್ಬಾಕೆ. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು.

ಆಸ್ಪತ್ರೆಯಲ್ಲಿ ಇಬ್ಬರಿಗೂ ರಕ್ತ ಕಡಿಮೆ ಎಂದಿದ್ದರು. ಅವಳಿಗೆ ನನಗಿಂತ ಕಡಿಮೆ. ಗುಳಿಗೆ ನುಂಗಿದರೆ ವಾಂತಿ. "ಡಬ್ಬಿ ಐತಲ್ಲ, ತಿಂದು ಗಟ್ಟಿ ಆಗ್ತಾಳ" ಅಂತ ಅತ್ತೆಗೆ ಸಮಾಧಾನ. ಅವಳು ನನಗೂ ಒಂದು ಮುಷ್ಟಿ ಕೊಡಲು ಬಂದಳು. "ನನಗ ಸೇರೂದಿಲ್ಲ ಬಿಡವಾ" ಅಂದುಬಿಟ್ಟೆ. ಬಾಯಲ್ಲಿ ನೀರೂರಿತ್ತು, ಖರೆ. ಆದರೆ ಸೊಕ್ಕು ಬಿಡಬೇಕಲ್ಲ!

ಅವಳ ಬಯಕೆಯೆಲ್ಲ ಹುಳಿಯ ಮೇಲೆ. ಊಟಕ್ಕೆ ಕೂತಾಗೆಲ್ಲ, "ಅಕ್ಕಾ, ಒಂದ ನಿಂಬಿಹಣ್ಣು ಕೊಡ್ರಿ" ಅನ್ನುತ್ತಿದ್ದಳು. ಅಂಥ ಡಬ್ಬಿ ಇಟ್ಟುಕೊಂಡು ನನ್ನ ಚೀಲದ ಮೇಲೂ ಕಣ್ಣೇ? ಒಂದು ದಿನ ಅತ್ತೆಯ ಕಿವಿಗೆ ಹಾಕಿದೆ: "ನಮ್ಮ ಕಡೆ ಬಸುರಿಗೆ ನಿಂಬಿಹಣ್ಣು ಕೊಡೂದಿಲ್ರಿ. ಕೂಸಿನ ಎದಿಯಾಗ ಥಂಡಿ ಕುಂಡ್ರತೈತಂತ."

ನಮ್ಮ ಕಡೆ ಅಂಥದ್ದೇನೂ ಇರಲಿಲ್ಲ. ನಿಂತಲ್ಲೇ ಹುಟ್ಟಿಸಿದ ಮಾತು. ಆದರೆ ಪಥ್ಯದ ಮಾತೆಂದರೆ ನಮ್ಮತ್ತೆ ಎರಡನೆಯ ಸಲ ಕೇಳುವವರಲ್ಲ. ನಿಂಬೆಹಣ್ಣು ಇಬ್ಬರಿಗೂ ಬಂದ್, ನನಗೂ! ಅಪ್ಪ ಹದಿನೈದು ದಿನಕ್ಕೊಮ್ಮೆ ಚೀಲ ತಂದಿಡುತ್ತಿದ್ದ. ಒಂದಿಷ್ಟು ಉಪ್ಪಿಗೆ ಬೀಳುತ್ತಿತ್ತು, ಉಳಿದದ್ದು ಓಣಿಗೆ ಹಂಚಿಹೋಗುತ್ತಿತ್ತು.

ಅತ್ತೆ ನಮ್ಮಿಬ್ಬರನ್ನೂ ಕರೆದೊಯ್ದ ಮುಂದಿನ ತಪಾಸಣೆಯಲ್ಲಿ ಅವಳ ರಕ್ತ ಇನ್ನಷ್ಟು ಇಳಿದಿತ್ತು. "ಹಿಂಗಾದ್ರ ಹೆರಿಗಿಯಾಗ ಜೀವಕ್ಕ ಧಕ್ಕಿ ಐತಿ. ಏನ ತಿಂತೀಯವಾ?" ಅಂದಳು ನರ್ಸಮ್ಮ. ನೆಗೆಣ್ಣಿ ಡಬ್ಬಿಯದೆಲ್ಲ ಹೇಳಿದಳು.

"ಒಣಹಣ್ಣಿನ್ಯಾಗ ತಾಕತ್ತ ಐತಿ, ಕಬ್ಬಿಣಾಂಶಾನೂ ಐತಿ. ಆದ್ರ ಹಣ್ಣು ಒಣಗಿದ್ರ ಸಿ ಜೀವಸತ್ವ ಬಹಳಷ್ಟು ಹೋಗಿಬಿಡ್ತೈತಿ. ಅದು ಹಸಿ ನಿಂಬಿಹಣ್ಣು, ಮೋಸಂಬಿಯೊಳಗ ಸಿಗತೈತಿ. ಅದರ ಜೋಡಿ ತಿಂದ್ರ ಕಬ್ಬಿಣಾಂಶ ಮೈಗೆ ಛಲೋ ಹತ್ತತೈತಿ. ಬ್ಯಾರೆ ಗುಳಿಗಿ ಕೊಡ್ತೀನಿ, ಬಿಡಬ್ಯಾಡ. ಮನ್ಯಾಗ ನಿಂಬಿಹಣ್ಣು ಇಲ್ಲೇನು?"

"ಅದಾವ್ರಿ. ಥಂಡಿ ಆಗತೈತಂತ ಕೊಡೂದಿಲ್ಲ" ಅಂದಳು ನೆಗೆಣ್ಣಿ.

"ಯಾರ ಹೇಳಿದ್ದು?"

ಅತ್ತೆ ನನ್ನ ಕಡೆ ತಿರುಗಿದರು. ನೆಗೆಣ್ಣಿಯ ಬಿಳಿಚಿದ ಮುಖ ಎದುರಿಗೇ ಇತ್ತು. "ನಾನ ಹೇಳಿದ್ದು. ಸುಳ್ಳ ಹೇಳಿದ್ದು" ಅಂದೆ.

"ಬಸುರಿ ಅದೀ ಅಂತ ಬಿಟ್ಟೇನಿ, ಇಲ್ಲಂದ್ರ..." ಅಂದು ಅತ್ತೆ ನಮ್ಮನ್ನು ಬಿಟ್ಟು ಮುಂದೆ ಮುಂದೆ ನಡೆದರು.

ಮನೆಗೆ ಬಂದವಳೇ ಎರಡು ಬಟ್ಟಲಿಟ್ಟು ನಿಂಬೆಹಣ್ಣು ಕೊಯ್ದೆ. ನೆಗೆಣ್ಣಿ ಬೈಯಲಿ ಎಂದು ಕಾದೆ. ಅವಳು ಡಬ್ಬಿ ತಂದು ನಡುವೆ ಇಟ್ಟಳು.

"ಅಕ್ಕಾ, ನಿಮ್ಮಪ್ಪ ಬಸ್ಸಿನ್ಯಾಗ ಹೊತಗೊಂಡು ತಾವ ಬರ್ತಾರ. ನಮ್ಮಪ್ಪ ಇದ್ದದ್ದು ಇಲ್ಲೇ ಬಜಾರದಾಗ, ಕುಬಸಕ್ಕೂ ಬರಲಿಲ್ಲ. ಆಳಿನ ಕೈಯಾಗ ಡಬ್ಬಿ ಕಳಿಸಿದ. ನಿಮ್ಮ ಚೀಲ ನೋಡಿದಾಗೆಲ್ಲ ನನಗ ಹೊಟ್ಟಿ ಉರೀತಿತ್ತು."

ಕೇಳಿ ನಾನು ಮರುಗಬೇಕಿತ್ತು. ಖರೆ ಹೇಳುತ್ತೇನೆ, ಹಿಗ್ಗಿದೆ. ನನ್ನನ್ನು ನೋಡಿಯೂ ಹೊಟ್ಟೆ ಉರಿದುಕೊಳ್ಳುವವಳು ಒಬ್ಬಳಿದ್ದಳಲ್ಲ! ಆ ಹಿಗ್ಗಿನಲ್ಲೇ ಅವಳ ಬಟ್ಟಲಿಗೆ ಎರಡು ಹಣ್ಣು ಹಿಂಡಿದೆ, ಡಬ್ಬಿಗೆ ಕೈಹಾಕಿ ಮುಷ್ಟಿ ತುಂಬ ದ್ರಾಕ್ಷಿ ತೆಗೆದುಕೊಂಡೆ.