ಮಗ್ಗ ನಿಂತರೆ ನಾಗಿ ಓಡುತ್ತಾಳೆ

೧೯೬೪, ನವೆಂಬರ್ ೨೨. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಕೊಳ್ಳೇಗಾಲ.

ನನ್ನ ತಂಗಿ ನಾಗಿಗೆ ಎಂಟು ವರ್ಷ. ಇಷ್ಟು ಬರೆಯುವಷ್ಟರಲ್ಲಿ ಅವಳು ಎರಡು ಸಲ ಹಿತ್ತಲಿಗೆ ಹೋಗಿ ಬಂದಳು. ಯಾಕೆಂದು ಕೇಳಿದರೆ ಅವಳಿಗೂ ಗೊತ್ತಿಲ್ಲ. ಪುಸ್ತಕ ತೆರೆದರೆ ಕಣ್ಣು ಗೋಡೆಯ ಇರುವೆಯ ಮೇಲೆ, ಇರುವೆ ಬಿಟ್ಟರೆ ಬೀದಿಯ ಎತ್ತಿನ ಕೊಂಬಿನ ಮೇಲೆ.

ದಸರಾ ರಜೆ ಮುಗಿದ ಮೇಲೆ ಅವಳ ಮೇಷ್ಟ್ರು ನಮ್ಮ ಜಗುಲಿಗೇ ಬಂದು ಕೂತರು.

"ಯಜಮಾನ್ರೇ, ಈ ಮಗೀನ ತಲೇಲಿ ಏನೂ ನಿಲ್ಲಲ್ಲ. ತಿಂಗ್ಳೊಳಗೆ ಒಂದು ಪಾಠ ಪೂರಾ ಓದಿ ತೋರಿಸ್ಲಿ. ಇಲ್ದಿದ್ರೆ ಸ್ಕೂಲು ಬಿಡ್ಸಿ, ಮನೇಲೇ ನೂಲು ಸುತ್ತಕ್ಕೆ ಕೂರ್ಸಿ."

ಅಪ್ಪ ರೇಷ್ಮೆ ಸೀರೆ ನೇಯುವವರು. ಕೈ ಮಗ್ಗದ ಮೇಲೆ, ಕಣ್ಣು ಮೇಷ್ಟ್ರ ಮೇಲೆ ಇಟ್ಟು, "ಆಗ್ಲಿ ಸಾ" ಎಂದರು. ನಾಗಿ ಮಾತ್ರ ಆ ದಿನ ಊಟ ಮಾಡಲಿಲ್ಲ. ಅವಳಿಗೆ ಓದು ಬಾರದಿರಬಹುದು, ಶಾಲೆ ಬೇಕು.

ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಒಂದು ಉದ್ಯೋಗ ಸಿಕ್ಕಿತು. ಅವಳು ಓದಲು ಕೂತಾಗ ಎದುರು ಕೂತು, ತಲೆ ಎತ್ತಿದಾಗಲೆಲ್ಲ ಒಂದು ಗೀಟು ಎಳೆದೆ. ಅವಳ ಗಮನ ಕಾಯುತ್ತಾ ನನ್ನ ಗಮನ ಎಲ್ಲಿಗೆ ಹೋಯಿತೆಂದು ಗೀಟು ಎಳೆಯಲು ಯಾರೂ ಇರಲಿಲ್ಲ. ಅದು ನನ್ನ ಪುಣ್ಯ.

ಮನಸ್ಸನ್ನು ಹಿರಿಯರು ಕೋತಿಗೆ ಹೋಲಿಸಿದ್ದಾರೆ. ಹೋಲಿಸಿದವರು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿರಲಿಕ್ಕಿಲ್ಲ. ಅಲ್ಲಿ ಒಂದು ತಾಯಿಕೋತಿ ಮರಿಯ ತಲೆಯ ಹೇನು ಹೆಕ್ಕುತ್ತಾ ಕೂತಿದ್ದನ್ನು ನಾನು ಕಂಡಿದ್ದೇನೆ. ಬಸ್ಸು ಬಂತು, ಹೋಯಿತು. ಯಾರೋ ಬಾಳೆಹಣ್ಣು ತೋರಿಸಿದರು. ಅದು ತಲೆ ಎತ್ತಲಿಲ್ಲ. ಅಂಥ ಏಕಾಗ್ರತೆ ನಮ್ಮ ಮೇಷ್ಟ್ರಿಗೂ ಇಲ್ಲ. ಹಾಗಾದರೆ ಕೋತಿಗೆ ಗಮನವಿಲ್ಲವೆನ್ನುವುದು ಸುಳ್ಳು. ಆ ಗಮನ ಯಾವಾಗ ಬರುತ್ತದೆಂಬುದಷ್ಟೇ ಪ್ರಶ್ನೆ.

ನನ್ನ ಗೀಟುಗಳಲ್ಲಿ ಅಮಾವಾಸ್ಯೆಯ ದಿನ ಹಾಳೆಯೇ ತುಂಬಿಹೋಯಿತು. ಉಳಿದ ದಿನ ಅರ್ಧವೂ ಇರಲಿಲ್ಲ. ಹೆಮ್ಮೆಯಿಂದ ಊಟದ ಹೊತ್ತಿಗೆ ಎಲ್ಲರಿಗೂ ಓದಿ ಹೇಳಿದೆ. ಅಜ್ಜಿ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು.

"ನಾ ಏಳ್ಲಿಲ್ವಾ? ಅಮಾಸೆ ಗಾಳಿ ಕಣ್ಲಾ ಅದು. ಓದ್ದೋನೇ ಲೆಕ್ಕ ಆಕಿ ತೋರ್ಸವನೆ. ನಾಳೀಕೆ ಕೌದಳ್ಳಿಗೆ ಕರ್ಕಂಡೋಗಿ ತಾಯ್ತ ಕಟ್ಸಿ. ಸ್ಕೂಲು ಗೀಲು ಸಾಕು, ದಾರೀಲಿ ಎದ್ರಿಕಂಡಾಳು."

ಶಾಲೆ ಉಳಿಸಲು ಹೊರಟ ನನ್ನ ಲೆಕ್ಕವೇ ಶಾಲೆ ಬಿಡಿಸಲು ಸಾಕ್ಷಿಯಾಯಿತು. ಹೊಸ ಸೀರೆಗೆ ಹಾಸು ಕೂಡಿಸುವ ಕೆಲಸವಿದ್ದುದರಿಂದ ಕೌದಳ್ಳಿ ಪ್ರಯಾಣ ಹುಣ್ಣಿಮೆಯ ಆಚೆಗೆ ಹೋಯಿತು.

ಹಾಸು, ಅಂದರೆ ಮಗ್ಗದ ಉದ್ದನೆಯ ಎಳೆಗಳು, ಮುಗಿದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಅಷ್ಟು ದಿನವೂ ಮಗ್ಗ ನಿಲ್ಲುತ್ತದೆ. ಅಮ್ಮ ಬಗ್ಗಿ ಹೊಸೆಯುತ್ತಿದ್ದರು. ಮನೆ ಗಪ್‌ಚುಪ್. ನಾಗಿಯ ಗೀಟುಗಳು ಮತ್ತೆ ಹಾಳೆ ತುಂಬಿದವು, ಅದೂ ಹುಣ್ಣಿಮೆಗೆ.

"ಅದ್ಯಾವ ಗಾಳಿನಪ್ಪ, ಪಂಚಾಂಗ ನೋಡ್ದೆ ಬರೋದು?" ಎಂದರು ಅಜ್ಜಿ.

ಆಗ ನನಗೆ ಹೊಳೆಯಿತು. ನಮ್ಮ ಬೀದಿಯಲ್ಲಿ ಅಮಾವಾಸ್ಯೆಗೆ ಯಾರೂ ಮಗ್ಗ ಮುಟ್ಟುವುದಿಲ್ಲ. ನಾಗಿಯನ್ನೇ ಕೇಳಿದೆ.

"ಮಗ್ಗ ಆಡ್ತಿದ್ರೆ ಕಿವಿಗೆ ಕೆಲ್ಸ ಅಣ್ಣಯ್ಯ, ಅದು ಅಲ್ಲೇ ಕೂತಿರ್ತದೆ. ಸುಮ್ಕಿದ್ರೆ ಅದು ಬೀದಿಗೋಯ್ತದೆ, ನಾನೂ ಅದ್ರ ಹಿಂದೇನೇ ಓಯ್ತೀನಿ."

ಅಪ್ಪ ನಕ್ಕರು. "ನಂಗೂ ಅಂಗೇ ಕಣವ್ವ. ಅಮಾಸೆ ದಿನ ನಂಗೆ ನಿದ್ದೇನೇ ಬರಲ್ಲ." ಕೌದಳ್ಳಿಯ ಮಾತು ಅಲ್ಲಿಗೆ ನಿಂತಿತು.

ಮೇಷ್ಟ್ರು ಮಾತ್ರ ನಂಬಲಿಲ್ಲ. ಶಾಲೆಯ ಪಕ್ಕದ ಮನೆಯಲ್ಲಿ ಮೂರು ಮಗ್ಗಗಳಿವೆ. ಆ ಸದ್ದಿಗೆಂದೇ ಅವರು ಆ ಕಡೆಯ ಕಿಟಕಿ ಮುಚ್ಚಿಸಿದ್ದರು. ನಿನ್ನೆ ನಾನು ಬೇಡಿಕೊಂಡ ಮೇಲೆ ತೆರೆಸಿ, ಅದರ ಕೆಳಗೆ ನಾಗಿಯನ್ನು ಕೂರಿಸಿದರು. ಅವಳು ಪಾಠ ಓದಿದಳು. ಕಾಲು ಕುಣಿಯುತ್ತಲೇ ಇತ್ತು. ಕಣ್ಣು ಸಾಲು ಬಿಡಲಿಲ್ಲ. ಪಾಠ ಮುಗಿದು ಮುಂದಿನದನ್ನೂ ಹಿಡಿದಾಗ ಮೇಷ್ಟ್ರೇ, "ಸಾಕು ನಿಲ್ಸವ್ವ" ಎಂದರು. ಅಷ್ಟರಲ್ಲಿ ಉಳಿದ ಮಕ್ಕಳೆಲ್ಲ ಕಿಟಕಿಗೆ ಜೋತುಬಿದ್ದಿದ್ದರು.

"ಇವ್ಳು ಇಲ್ಲೇ ಇರ್ಲಿ, ಆಯ್ತು. ಇವ್ರಿಗೇನು ಮಾಡ್ಲಿ, ನೀನೇ ಹೇಳು" ಎಂದರು ಮೇಷ್ಟ್ರು.

ನನಗೆ ಗೊತ್ತಿಲ್ಲ. ಒಂದೇ ಸದ್ದು ಒಂದು ತಲೆಯನ್ನು ಕಟ್ಟಿ, ಇನ್ನೊಂದನ್ನು ಬಿಚ್ಚುವುದೇಕೆ? ತಲೆಬುರುಡೆಯೊಳಗೆ ಆಗ ನಡೆಯುವುದೇನು? ಡಾಕ್ಟರಾಗಲಿ, ಇಂಥ ಮಗುವನ್ನು ಸಾಕಿದ ತಾಯಿಯಾಗಲಿ, ಬಲ್ಲವರು ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ. ಮೇಷ್ಟ್ರು ಕಾಯುತ್ತಿದ್ದಾರೆ. ಅವರಿಗೆ ಉತ್ತರ ಸಿಗುವವರೆಗೆ ಕಿಟಕಿ ತೆರೆದಿರುತ್ತದೆ.