ಹೊರಡದ ವಿಮಾನದ ನಲವತ್ತು ನಿಮಿಷ

ಹೊಸದುರ್ಗದ ಬಸ್ ನಿಲ್ದಾಣದಲ್ಲಿ ಇಪ್ಪತ್ತೆಂಟು ವರ್ಷ ಕಂಟ್ರೋಲರ್ ಆಗಿದ್ದ ತಿಪ್ಪಯ್ಯ, ಬರದ ಬಸ್ಸನ್ನು ಬರುತ್ತದೆ ಎಂದು ಯಾರಿಗೂ ಹೇಳಿದವನಲ್ಲ. ಟೈಮ್ ಕೇಳಿದರೆ ಮೊದಲು ಹಿಂದಿನ ಸ್ಟಾಪಾದ ಬಾಗೂರಿನ ಹೋಟೆಲಿಗೆ ಫೋನ್. "ಬಸ್ಸು ನಿಮ್ಮೂರು ಬಿಟ್ಟೈತೇನಪ್ಪ?" ಬಿಟ್ಟಿದೆ ಎಂದಮೇಲೆಯೇ ಮೈಕಿನ ಮುಂದೆ ಬಾಯಿ ತೆರೆಯುವುದು. ಅದಕ್ಕೆ ಮುಂಚೆ ಮಂತ್ರಿಯೇ ಬಂದು ಕೇಳಿದರೂ "ಕುಂತ್ಕಳ್ರಿ", ಅಷ್ಟೇ.

ನಿವೃತ್ತಿಯಾದ ಮೇಲೆ ಹೊತ್ತು ಹೋಗದೆ ಅದೇ ಊರಿನ ಹುಡುಗ ಪ್ರದೀಪನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಅಂಗಡಿಯೆಂದರೆ ಮೂರು ಕಂಪ್ಯೂಟರು. ಆ ಊರಿಂದ ಈ ಊರಿಗೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು ಎಂದು ಯಾವುದೋ ವೆಬ್‌ಸೈಟಿಗೆ ಕನ್ನಡದಲ್ಲಿ ಪುಟ ತುಂಬಿಸುವ ಕೆಲಸ. ಒಂದು ದಿನ ಲೇಹ್‌ನಿಂದ ಕಾರ್ಗಿಲ್‌ಗೆ ಎಂದು ಬಂತು. ನಕ್ಷೆಯ ಮೇಲೆ ಗೆರೆ ಎಳೆದರೆ ಸುಮಾರು ನೂರ ನಲವತ್ತು ಕಿಲೋಮೀಟರ್, ಪ್ರಯಾಣ ನಲವತ್ತು ನಿಮಿಷ.

"ಎಷ್ಟೊತ್ತಿಗೆ ಬಿಡ್ತೈತಪ್ಪ ಈ ವಿಮಾನ?"

"ವಿಮಾನ ಐತೋ ಇಲ್ವೋ ಯಾರಿಗ್ ಗೊತ್ತು ಸಾರ್? ದೂರಾನ ಸ್ಪೀಡಿಂದ ಭಾಗಿಸಿ, ಏರೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸಿದ್ರೆ ಟೈಮ್ ಬರ್ತೈತೆ. ಬರೀರಿ" ಎಂದ ಪ್ರದೀಪ.

ತಿಪ್ಪಯ್ಯನಿಗೆ ಬಾಯಿಗೆ ನೊಣ ಹೋದಂತಾಯಿತು. ಹೊರಡದ ಗಾಡಿಗೆ ತಲುಪುವ ಹೊತ್ತು! ಥೂ, ಇದೆಂಥ ಹೇಸಿಗೆ ಕೆಲಸ! ಆದರೂ ಬರೆದ. ಈ ಕಥೆಯ ಕೊಳಕು ಇರುವುದೇ ಇಲ್ಲಿ. ಬರೆದದ್ದಲ್ಲದೆ, ಸಂಜೆ ಟೀ ಅಂಗಡಿಯಲ್ಲಿ "ಆ ಲೇಹ್ ಕಾರ್ಗಿಲ್ ಪುಟ ನಂದೇ ಕಣ್ರಿ" ಎಂದು ಜಂಬವನ್ನೂ ಕೊಚ್ಚಿಕೊಂಡ.

ಅದು ಹಿಂದಿನ ಬೀದಿಯ ಚಂದ್ರಕ್ಕನ ಕಿವಿಗೆ ಬಿತ್ತು. ಅವಳ ಮಗ ಮುರುಗೇಶ ಕಾರ್ಗಿಲ್‌ನಲ್ಲಿ ಸೈನಿಕ. ಮುಂದಿನ ಬುಧವಾರ ಬೆಟ್ಟದ ಮೇಲಿನ ಕಾವಲು ಪೋಸ್ಟಿಗೆ ಹತ್ತಿದರೆ ಆರು ತಿಂಗಳು ಕೆಳಗಿಳಿಯುವಂತಿರಲಿಲ್ಲ. ಅಷ್ಟರೊಳಗೆ, ಅವನಿಗೆ ಹೇಳದೆಯೇ ಹೋಗಿ ಎದುರು ನಿಲ್ಲಬೇಕೆಂಬ ಆಸೆ ತಾಯಿಗೆ. ಮೊಬೈಲಿನಲ್ಲಿ ಆ ಪುಟ ತೆಗೆಸಿ ನೋಡಿದಳು. ಶೇಂಗಾ ಹೋಳಿಗೆ ಮಾಡಿ ಡಬ್ಬಿಗೆ ತುಂಬಿ, ತಮ್ಮನನ್ನು ಕರೆದುಕೊಂಡು ಸೋಮವಾರ ಲೇಹ್‌ನಲ್ಲಿ ಇಳಿದಳು.

ಎಂಟು ದಿನದ ಮೇಲೆ ಅದೇ ಡಬ್ಬಿ ಹಿಡಿದು ತಿಪ್ಪಯ್ಯನ ಬಾಗಿಲಿಗೆ ಬಂದಳು.

"ಕಾರ್ಗಿಲ್ ವಿಮಾನ ಎಲ್ಲಿ ನಿಲ್ತೈತೆ ಅಂತ ಕೇಳಿದ್ರೆ ನಕ್ಬುಟ್ರು ಅಣ್ಣ. ಅಂಥ ವಿಮಾನನೇ ಇಲ್ವಂತೆ. ರಸ್ತೇಲಿ ಹೋಗಾಣ ಅಂದ್ರೆ ಹಿಮ ಬಿದ್ದು ಎರಡು ದಿನ ಬಂದ್. ನಾವು ಮುಟ್ಟೋ ಹೊತ್ಗೆ ಅವನು ಮೇಲೆ ಹತ್ತಿ ಹೋಗಿದ್ದ."

"ಅಲ್ಲಮ್ಮ, ಹೊರಡೋಕ್ ಮುಂಚೆ ಯಾರ್ನಾದ್ರೂ ಒಂದ್ ಮಾತು ಕೇಳ್ಬಾರ್ದಿತ್ತಾ?" ಎಂದ ತಿಪ್ಪಯ್ಯ. ಕೇಳಬೇಕಾಗಿದ್ದವನು ತಾನು ಎಂದು ಗೊತ್ತಿದ್ದೂ ಹಾಗಂದ.

"ಯಾರ್ನ ಕೇಳ್ಲಿ? ಟೈಮ್ ಬರ್ದವ್ರೆ ಅಂದ್ಮೇಲೆ ಗಾಡಿ ಐತೆ ಅಂತ ತಾನೆ? ಅದ್ರಾಗೂ ಬರ್ದೋರು ನೀವು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಡಬ್ಬಿಯನ್ನು ಜಗಲಿಯ ಮೇಲಿಟ್ಟು, "ನಮ್ಮನೇಲಿ ಯಾರ ಗಂಟ್ಲಾಗೂ ಇದು ಇಳಿಯಲ್ಲ, ನೀವು ತಿನ್ರಿ" ಎಂದು ಹೋದಳು.

ಶೇಂಗಾ ಹೋಳಿಗೆ ಅಷ್ಟು ಬೇಗ ಕೆಡುವುದಿಲ್ಲ. ತಿಪ್ಪಯ್ಯ ಒಂದನ್ನು ಮುರಿದು ಬಾಯಿಗಿಟ್ಟುಕೊಂಡ. ತನ್ನ ಮೇಲೆ ತನಗೇ ಹೇಸಿಗೆ ಬಂದು ನುಂಗಲಾಗಲಿಲ್ಲ. ಉಗಿಯುವ ಧೈರ್ಯವೂ ಬರಲಿಲ್ಲ.