ಕುರುಗೋಡಿನಲ್ಲಿ ಕಾಲಿಗೆ ಹಾಕಿದ ನೀರು

ಸಿರುಗುಪ್ಪದಿಂದ ಕುರುಗೋಡಿನ ಮೇಲೆ ಹಾಯ್ದು ಬಳ್ಳಾರಿಗೆ ಓಡಿಕೊಂಡು ಬರುತ್ತೇನೆ ಎಂದು ದೊಡ್ಡ ಮಗಳು ಹೇಳಿದಾಗ ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ತಮಾಷೆ ಎಂದುಕೊಂಡೆ. ಬಸ್ಸಿನಲ್ಲಿ ಬಂದರೇ ಸೊಂಟ ಹಿಡಿಯುವ ದಾರಿ ಅದು. ಇಷ್ಟು ದೂರದ ಓಟಕ್ಕೆ ಅಲ್ಟ್ರಾ ಮ್ಯಾರಥಾನ್ ಅನ್ನುತ್ತಾರಂತೆ.

ಚಿಕ್ಕವಳಿಗೆ ಥಲಸ್ಸೀಮಿಯಾ. ಕೂಸಾಗಿದ್ದಾಗಿನಿಂದ ತಿಂಗಳು ತಿಂಗಳು ರಕ್ತ ಹಾಕಿಸಬೇಕು. ಅವಳಂಥ ಮಕ್ಕಳಿಗೆ ನೆರವಾಗುವ ಸಂಸ್ಥೆಯೊಂದು ದುಡ್ಡು ಕೂಡಿಸಲು ಹತ್ತಾರು ಜನರನ್ನು ಸೇರಿಸಿ ಇಟ್ಟ ಓಟ ಇದು. ದೊಡ್ಡವಳು ಬಳ್ಳಾರಿ ಮುಟ್ಟಿದರೆ ದುಡ್ಡು ಕೊಡುತ್ತೇವೆ ಎಂದು ಅವಳು ಪಾಠ ಹೇಳುವ ಶಾಲೆಯವರೂ ನಮ್ಮ ಓಣಿಯವರೂ ಮಾತು ಕೊಟ್ಟಿದ್ದರು.

ಅವತ್ತು ನಸುಕಿನಲ್ಲಿ ಸಿರುಗುಪ್ಪದಲ್ಲಿ ಅವಳ ಹಣೆಗೆ ವಿಭೂತಿ ಹಚ್ಚಿದೆ. ಸಂಸ್ಥೆಯವರು ಕೊಟ್ಟಿದ್ದು ಕಾವಿ ಬಣ್ಣದ ಟೀಶರ್ಟು. ನಮ್ಮ ಮನೆಯವರು ಓಡಿಸುತ್ತಿದ್ದ ಆಟೋದಲ್ಲಿ ನಾನೂ ಚಿಕ್ಕವಳೂ ಹಿಂದೆ ಹೊರಟೆವು. ಭತ್ತದ ಗದ್ದೆಗಳ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಶಿವ ಇಷ್ಟಾದರೂ ಕೊಟ್ಟನಲ್ಲ ಅಂದುಕೊಂಡೆ.

ಕುರುಗೋಡಿನಲ್ಲಿ ನಾಲ್ಕಾರು ಹೆಂಗಸರು ಕೊಡ ಹಿಡಿದು ರಸ್ತೆಗೆ ಬಂದರು. ನಮ್ಮ ಕಡೆ ಹರಕೆ ಹೊತ್ತು ಪಾದಯಾತ್ರೆ ಹೋಗುವವರ ಕಾಲಿಗೆ ನೀರು ಹಾಕಿ ಕೈಮುಗಿಯುತ್ತಾರೆ. ಕಾವಿ, ವಿಭೂತಿ ನೋಡಿದ ಮೇಲೆ ಅವರಿಗೆ ಇನ್ನೇನು ಅನಿಸಬೇಕು? ನಾನು ಆಟೋದಿಂದ ಇಳಿಯುವಷ್ಟರಲ್ಲಿ ಇಡೀ ಕೊಡ ಮಗಳ ಶೂ ಮೇಲೆ ಸುರಿದಾಗಿತ್ತು.

“ಏನು ಹರಕಿ, ಯವ್ವಾ?” ಎಂದಳು ಒಬ್ಬ ಮುದುಕಿ.

“ನನ್ನ ತಂಗಿಗಿ ರಕ್ತ ಹಾಕಸ್ತೀವಿ, ಅಜ್ಜಿ. ಅಂಥ ಹುಡುಗರ ಸಲುವಾಗಿ ಓಡಾಕತ್ತೀನಿ,” ಅಂದಳು ಮಗಳು.

“ಹಂಗಾದ್ರ ಇನ್ನೊಂದು ಕೊಡ ತರ್ರಿ.”

“ಬ್ಯಾಡ್ರಿ,” ಎಂದು ನಾನು ಅಡ್ಡ ನಿಂತೆ. “ಬೂಟು ತೊಯ್ದ್ರ ಬೊಬ್ಬಿ ಏಳ್ತಾವು.”

ಮುದುಕಿ ಮುಖ ಸಣ್ಣದು ಮಾಡಿಕೊಂಡಳು. ಅಲ್ಲೇ ಕೂತು, ಮಗಳ ಶೂ ಬಿಚ್ಚಿಸಿ, ತನ್ನ ಸೆರಗಿನಿಂದ ಕಾಲು ಒರೆಸಿದಳು. ನಮ್ಮ ಹತ್ತಿರ ಬೇರೆ ಶೂ ಇರಲಿಲ್ಲ. ಮಗಳು ಅದೇ ಒದ್ದೆ ಶೂ ಹಾಕಿಕೊಂಡು ಹೊರಟಳು.

ಸ್ವಲ್ಪ ದೂರಕ್ಕೇ ಅಂಗಾಲಲ್ಲಿ ಬೊಬ್ಬೆ ಎದ್ದವು. ಓಟ ಹೋಗಿ ನಡಿಗೆಯಾಯಿತು, ನಡಿಗೆ ಹೋಗಿ ಕುಂಟುವುದಾಯಿತು. ಚಿಕ್ಕವಳಿಗೆ ತಡೆಯಲಾಗಲಿಲ್ಲ.

“ಅಕ್ಕಾ, ಆಟೋ ಹತ್ತು. ನನ್ನ ಸಲುವಾಗಿ ಇಷ್ಟು ಬ್ಯಾಡ.”

“ನಿನ್ನೊಬ್ಬಾಕಿ ಸಲುವಾಗಿ ಅಂತ ಯಾರು ಹೇಳಿದ್ರಲೇ? ಭಾಳ ಮೆರೀಬ್ಯಾಡ.”

“ಕಾಲು ನೋಡ್ಕ್ಯಾ ನಿಂದು.”

“ರಕ್ತ ಏರಸಾಕತ್ತಿದಾಗ ನೀ ನಡುವ ಎದ್ದು ಬರ್ತೀಯೇನು?”

ಚಿಕ್ಕವಳು ನೀರಿನ ಬಾಟಲಿ ಅಕ್ಕನ ಕಡೆ ಚಾಚಿದಳು.

ಪ್ರತಿ ತಿಂಗಳು ರಕ್ತ ಸಿಗಲಪ್ಪಾ ಎಂದು ಬೇಡುವ ನಾನು ಅವತ್ತು ಆ ಶೂ ಒಣಗಲಪ್ಪಾ ಎಂದು ಬೇಡಿದೆ. ಇಂಥದ್ದನ್ನೂ ದೇವರಿಗೆ ಹೇಳಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಆ ಹೆಂಗಸರ ಮೇಲೆ ಮಾತ್ರ ಸಿಟ್ಟು ಬರಲಿಲ್ಲ. ಯಾರು ಯಾರದೋ ರಕ್ತದಿಂದ ನನ್ನ ಮಗಳು ಬದುಕಿದ್ದಾಳೆ. ಕೊಟ್ಟವರ ಮುಖ ನಾನು ನೋಡಿಲ್ಲ. ಈ ಮುದುಕಿಯ ಮುಖವನ್ನಾದರೂ ನೋಡಿದೆ.

ಬಳ್ಳಾರಿಯ ಕೋಟೆ ಗುಡ್ಡ ಕಂಡಾಗ ಉಳಿದ ಓಟಗಾರರೆಲ್ಲ ಹೋಗಿ ಮುಟ್ಟಿಯಾಗಿತ್ತು. ಊರೊಳಗೆ ಬಂದ ಮೇಲೆ ಚಿಕ್ಕವಳು ಆಟೋ ನಿಲ್ಲಿಸಿ ಇಳಿದಳು. ನಮ್ಮ ಮನೆಯ ಮೆಟ್ಟಿಲು ಹತ್ತಿದರೇ ದಣಿಯುವ ಹುಡುಗಿ. ಬೇಡ ಎನ್ನಲು ಹೊರಟವಳು ಅವಳ ಚಪ್ಪಲಿ ತೆಗೆದುಕೊಟ್ಟೆ. ದೊಡ್ಡವಳು ಅವಳ ಹೆಗಲ ಮೇಲೆ ಕೈ ಹಾಕಿದಳು. ಅಕ್ಕನ ಕುಂಟುವ ಕಾಲು ಚಿಕ್ಕವಳ ನಡಿಗೆಯಷ್ಟೇ ನಿಧಾನಕ್ಕೆ ಬರುತ್ತಿತ್ತು, ಹಾಗಾಗಿ ತಂಗಿ ಹಿಂದೆ ಬೀಳದೆ ಕೊನೆಯ ಗೆರೆಯವರೆಗೂ ಅವಳ ಜೊತೆಗೇ ನಡೆದಳು.